ಸಾಲಿಗೆ ಟಿವಿ ಬಂತು, ತೋರಿಸೋದೇನು? ಶಿಕ್ಷಕರಿಗೆ ನೆರವಾಗುವ ಆನ್‌ಲೈನ್ ಸಾಮಗ್ರಿಯ ಪರಿಚಯ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಗೋಡೆಗೊಂದು ಸ್ಮಾರ್ಟ್ ಟಿವಿ ಕಾಣುವುದು ಈಗ ಅಪರೂಪವೇನಲ್ಲ. ಕೆಲವು ಕಡೆ ಸರ್ಕಾರದಿಂದ ಬಂದದ್ದು, ಕೆಲವು ಕಡೆ ಹಳೆ ವಿದ್ಯಾರ್ಥಿಗಳು ಪಟ್ಟಿ ಎತ್ತಿ ಕೊಡಿಸಿದ್ದು. ಕಾಯಿ ಒಡೆದು, ಫೋಟೊ ತೆಗೆಸಿಕೊಂಡು, ಬಂದವರೆಲ್ಲ ಹೋದ ಮೇಲೆ ಅಕ್ಕೋರ ಮುಂದೆ ಉಳಿಯುವ ಪ್ರಶ್ನೆ: ನಾಳೆ ಮೂರನೇ ಪಿರಿಯಡ್‌ನಲ್ಲಿ ಇದರಲ್ಲಿ ತೋರಿಸುವುದೇನು?

ಲಿಂಕುಗಳಿಗೇನೂ ಬರವಿಲ್ಲ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಬಂದು ಬೀಳುತ್ತವೆ, ತೆರೆಯುವಷ್ಟರಲ್ಲಿ ಹತ್ತು ಹೊಸವು ಬಂದಿರುತ್ತವೆ. ಯಾವುದು ನಮ್ಮ ಪಠ್ಯಕ್ಕೆ ಹೊಂದುತ್ತದೆ, ಯಾವುದು ಕನ್ನಡದಲ್ಲಿದೆ, ನೆಟ್‌ವರ್ಕ್ ಇಲ್ಲದಾಗಲೂ ಯಾವುದು ನಡೆಯುತ್ತದೆ, ಯಾವುದನ್ನು ಅಳುಕಿಲ್ಲದೆ ಮುದ್ರಿಸಿ ಹಂಚಬಹುದು ಎಂಬ ಹಿನ್ನೆಲೆ ಮಾತ್ರ ಆ ಲಿಂಕುಗಳ ಜೊತೆ ಬರುವುದಿಲ್ಲ. ಈ ಬರಹ ಅದಕ್ಕಾಗಿ.

ಎಡವುವ ಜಾಗ ಮೊದಲು, ಲಿಂಕು ಆಮೇಲೆ

ಐದನೇ ತರಗತಿಯಲ್ಲಿ ಭಿನ್ನರಾಶಿ ನಡೆದಿದೆ ಎನ್ನಿ. ನಾಲ್ಕನೇ ಒಂದು ಭಾಗ ದೊಡ್ಡದೋ, ಎಂಟನೇ ಒಂದು ಭಾಗ ದೊಡ್ಡದೋ ಎಂದು ಕೇಳಿದರೆ ಹಲವು ಮಕ್ಕಳು "ಎಂಟನೇದ್ರಿ ಸರ" ಎನ್ನುತ್ತಾರೆ. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ? ಛೇದವೆಂದರೆ ಒಂದು ವಸ್ತುವನ್ನು ಎಷ್ಟು ಪಾಲು ಮಾಡಿದೆವು ಎಂಬ ಲೆಕ್ಕ, ಪಾಲು ಹೆಚ್ಚಿದಷ್ಟೂ ತುಂಡು ಸಣ್ಣದಾಗುತ್ತದೆ ಎಂಬುದು ಅವರ ಕಣ್ಣಿಗೆ ಇನ್ನೂ ಕಟ್ಟಿಲ್ಲ, ಅಷ್ಟೆ.

ಈಗ ಯೂಟ್ಯೂಬ್‌ನಲ್ಲಿ "ಐದನೇ ತರಗತಿ ಭಿನ್ನರಾಶಿ" ಎಂದು ಹುಡುಕಿದರೆ ಉದ್ದುದ್ದ ವಿಡಿಯೊಗಳು ಸಿಗುತ್ತವೆ. ಬಹುಪಾಲು ವಿಡಿಯೊಗಳಲ್ಲಿ ಇನ್ನೊಬ್ಬ ಶಿಕ್ಷಕರು ಹಲಗೆಯ ಮುಂದೆ ನಿಂತು, ನೀವು ಆಗಲೇ ಹೇಳಿದ್ದನ್ನೇ ಹೇಳುತ್ತಿರುತ್ತಾರೆ. ಬೇಕಾದದ್ದು ಅದಲ್ಲ. ಒಂದೇ ಉದ್ದದ ಎರಡು ಪಟ್ಟಿಗಳು ಒಂದರ ಕೆಳಗೊಂದು ಇರಬೇಕು. ಮಗು ತಾನೇ ಛೇದವನ್ನು ಹೆಚ್ಚಿಸುತ್ತಾ ಹೋದಂತೆ ತುಂಡು ಕಿರಿದಾಗುವುದು ಕಾಣಬೇಕು. ಅಂಥ ಪರದೆ ಸಿಕ್ಕರೆ ಐದು ನಿಮಿಷ ಸಾಕು. ಸಿಗದಿದ್ದರೆ ಕಾಗದದ ಪಟ್ಟಿ ಮಡಚಿಯೂ ಆದೀತು, ಟಿವಿ ಹಚ್ಚಲೇಬೇಕೆಂಬ ಹಟವೇನೂ ಬೇಡ.

ಹೀಗಾಗಿ ಪಾಠದ ಹೆಸರಿಗಿಂತ ಮಕ್ಕಳು ಎಡವುವ ಜಾಗವನ್ನು ಇಟ್ಟುಕೊಂಡು ಹುಡುಕುವುದು ಫಲ ಕೊಡುತ್ತದೆ. ಅಂತರ್ಜಾಲದ ಸಾಮಗ್ರಿಯಲ್ಲಿ ನೋಡುವಂಥದ್ದಿದೆ, ಮಾಡುವಂಥದ್ದಿದೆ, ಮುದ್ರಿಸಿ ಕೈಗೆ ಕೊಡುವಂಥದ್ದಿದೆ. ನೋಡುವಂಥದ್ದು ಹೇರಳ, ಮಾಡುವಂಥದ್ದು ಕಡಿಮೆ. ತರಗತಿಗೆ ಹೆಚ್ಚು ಕೆಲಸಕ್ಕೆ ಬರುವುದು ಈ ಕಡಿಮೆ ಇರುವುದೇ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಂದೆ ಏನಿದೆ?

ಎಲ್ಲಕ್ಕೂ ಹತ್ತಿರದ ಬಾಗಿಲು ಮಕ್ಕಳ ಕೈಯಲ್ಲಿರುವ ಪುಸ್ತಕದಲ್ಲೇ ಇದೆ. ಪಾಠಗಳ ಜೊತೆ ಅಚ್ಚಾದ ಕಪ್ಪು-ಬಿಳಿ ಚೌಕ ತೆರೆಯುವುದು 'ದೀಕ್ಷಾ' ವೇದಿಕೆಯನ್ನು. ಕೇಂದ್ರ ಸರ್ಕಾರ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನವೇ ಇದನ್ನು ಆರಂಭಿಸಿತು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್‌ಸಿಇಆರ್‌ಟಿ) ನಡೆಸುತ್ತದೆ, ರಾಜ್ಯಗಳು ತಮ್ಮ ತಮ್ಮ ಪಠ್ಯಕ್ಕೆ ತಕ್ಕ ಸಾಮಗ್ರಿಯನ್ನು ಸೇರಿಸುತ್ತವೆ.

ಕ್ಯೂಆರ್ ಕೋಡ್‌ನೊಳಗೆ ವಿಡಿಯೊ ಇರುವುದಿಲ್ಲ, ಒಂದು ಚಿಕ್ಕ ವಿಳಾಸ ಮಾತ್ರ ಇರುತ್ತದೆ. ಫೋನಿನ ಕ್ಯಾಮೆರಾ ಅದನ್ನು ಓದಿ, ಇಂಟರ್ನೆಟ್ ಮೂಲಕ ಆ ವಿಳಾಸಕ್ಕೆ ಹೋಗಿ, ಆ ಪಾಠಕ್ಕೆ ಜೋಡಿಸಿದ ವಿಡಿಯೊ, ಅಭ್ಯಾಸ, ರಸಪ್ರಶ್ನೆಗಳ ಪಟ್ಟಿಯನ್ನು ತರುತ್ತದೆ. ಇದು ತಿಳಿದರೆ ಎರಡು ತೊಂದರೆಗಳು ಅರ್ಥವಾಗುತ್ತವೆ. ನೆಟ್ ಇಲ್ಲದಿದ್ದರೆ ಸ್ಕ್ಯಾನ್ ಮಾಡಿದರೂ ಏನೂ ತೆರೆಯದು. ಇನ್ನು ಪಠ್ಯ ಪರಿಷ್ಕರಣೆಯಾಗಿ ಪಾಠ ಬದಲಾದಾಗ ಹಳೆ ಪುಸ್ತಕದ ಕೋಡ್ ಬೇರೇನನ್ನೋ ತೋರಿಸಬಹುದು, ಖಾಲಿ ಪುಟವನ್ನೂ ತೋರಿಸಬಹುದು. ಚೌಕ ಅಳಿಸಿಹೋಗಿದ್ದರೆ ಚಿಂತೆಯಿಲ್ಲ. ಅದರ ಕೆಳಗೆ ಅಕ್ಷರ, ಅಂಕಿ ಸೇರಿದ ಆರು ಸ್ಥಾನದ ಸಂಕೇತವೊಂದು ಇರುತ್ತದೆ, ಅದನ್ನು ದೀಕ್ಷಾದ ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೂ ಅದೇ ಜಾಗಕ್ಕೆ ಹೋಗುತ್ತೀರಿ.

ಆ್ಯಪ್‌ನಲ್ಲಿ ಮಾಧ್ಯಮ, ತರಗತಿ, ವಿಷಯ ಆರಿಸಿಕೊಳ್ಳಬೇಕು. ಖಾನಾಪುರ, ನಿಪ್ಪಾಣಿ ಕಡೆಯ ಮರಾಠಿ ಮಾಧ್ಯಮದ ಶಿಕ್ಷಕರೂ, ಉರ್ದು ಮಾಧ್ಯಮದವರೂ ಮೊದಲು ಈ ಆಯ್ಕೆ ಸರಿಯಿದೆಯೇ ಎಂದು ನೋಡಿಕೊಳ್ಳಲಿ. ಪುಸ್ತಕವೇ ಬೇಕಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ಮಾಧ್ಯಮಗಳ ಪುಸ್ತಕಗಳು ಪಿಡಿಎಫ್ ರೂಪದಲ್ಲಿವೆ. ಜೂನ್‌ನಲ್ಲಿ ಪುಸ್ತಕ ಬರುವುದು ತಡವಾದಾಗ ಇದರ ಬೆಲೆ ಗೊತ್ತಾಗುತ್ತದೆ.

ದೀಕ್ಷಾದಲ್ಲಿರುವುದೆಲ್ಲ ಒಂದೇ ಮಟ್ಟದ್ದಲ್ಲ. ಒಂದು ಪಾಠಕ್ಕೆ ಚೆಂದದ ವಿಡಿಯೊ ಇದ್ದರೆ ಪಕ್ಕದ ಪಾಠಕ್ಕೆ ಸ್ಲೈಡ್‌ಗಳನ್ನು ಓದಿ ಹೇಳುವ ದನಿಯಷ್ಟೇ ಇರುತ್ತದೆ. ತರಗತಿಗೆ ಹೋಗುವ ಮುಂಚೆ ಪೂರ್ತಿ ನೋಡಿಕೊಳ್ಳುವುದು ಅದಕ್ಕೇ. ಇದರ ಜೊತೆಗೆ, ಕೊರೊನಾ ಕಾಲದಲ್ಲಿ ಚಂದನ ವಾಹಿನಿಗಾಗಿ ತಯಾರಾದ ಪಾಠಗಳು ಯೂಟ್ಯೂಬ್‌ನಲ್ಲಿವೆ. ರಾಜ್ಯದ ಪಠ್ಯಕ್ರಮವನ್ನೇ ಹಿಡಿದು ಸಾಗುತ್ತವೆ, ಗೈರಾಗಿದ್ದ ಮಗುವಿಗೆ ಕಳಿಸಲು ಅನುಕೂಲ. ಪ್ರೌಢಶಾಲಾ ಶಿಕ್ಷಕರೇ ಸೇರಿ ಬರೆದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ವಿಕಿ ತಾಣವೂ ಇದೆ. ಅಲ್ಲಿ ಪಾಠಗಳ ಪರಿಕಲ್ಪನಾ ನಕ್ಷೆ, ಚಟುವಟಿಕೆ, ಪ್ರಶ್ನೆಗಳು ಸಿಗುತ್ತವೆ.

ವಿಜ್ಞಾನ, ಗಣಿತ: ಸುಡದ ಬಲ್ಬು, ಮುಗಿಯದ ಬ್ಯಾಟರಿ

ಮಾಡಿ ನೋಡುವ ಸಾಮಗ್ರಿಯಲ್ಲಿ ಮೊದಲು ಹೆಸರಿಸಬೇಕಾದದ್ದು 'ಫೆಟ್'. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಇದರಲ್ಲಿರುವವು ಸಿಮ್ಯುಲೇಶನ್‌ಗಳು, ಅಂದರೆ ಪ್ರಯೋಗವೊಂದರ ಪರದೆಯ ಮೇಲಿನ ಅನುಕರಣೆ. ಕನ್ನಡಕ್ಕೆ ಅನುವಾದವಾದವುಗಳ ಪಟ್ಟಿ ಆ ತಾಣದಲ್ಲಿ ಬೇರೆಯಾಗಿಯೇ ಇದೆ.

ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ಸರಣಿ ಜೋಡಣೆ, ಸಮಾಂತರ ಜೋಡಣೆ ಎಂಬಲ್ಲಿ ಮಕ್ಕಳು ಸೂತ್ರ ಬಾಯಿಪಾಠ ಮಾಡುತ್ತಾರೆ, ಬಲ್ಬು ಯಾಕೆ ಮಂದವಾಯಿತು ಎಂದರೆ ಸುಮ್ಮನಾಗುತ್ತಾರೆ. ಫೆಟ್‌ನ ವಿದ್ಯುನ್ಮಂಡಲದ ಸಿಮ್ಯುಲೇಶನ್ ತೆರೆದು 3 ವೋಲ್ಟ್ ಬ್ಯಾಟರಿಗೆ 6 ಓಮ್ ರೋಧದ ಒಂದು ಬಲ್ಬು ಜೋಡಿಸಿ. ಪ್ರವಾಹ 0.5 ಆಂಪಿಯರ್. ಅಂಥದೇ ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಒಟ್ಟು ರೋಧ 12 ಓಮ್ ಆಗಿ ಪ್ರವಾಹ 0.25 ಆಂಪಿಯರ್‌ಗೆ ಇಳಿಯುತ್ತದೆ, ಎರಡೂ ಬಲ್ಬು ಮಂಕಾಗುತ್ತವೆ. ಸಮಾಂತರವಾಗಿ ಜೋಡಿಸಿ ನೋಡಿ: ಪ್ರತಿ ಬಲ್ಬಿಗೂ 0.5 ಆಂಪಿಯರ್ ಸಿಗುತ್ತದೆ, ಎರಡೂ ಮೊದಲಿನಷ್ಟೇ ಬೆಳಗುತ್ತವೆ, ಬ್ಯಾಟರಿ ಮಾತ್ರ 1 ಆಂಪಿಯರ್ ಕೊಡಬೇಕಾಗುತ್ತದೆ. ತಂತಿಯಲ್ಲಿ ಎಲೆಕ್ಟ್ರಾನುಗಳು ಸಾಗುವ ವೇಗ ಬದಲಾಗುವುದು ಕಣ್ಣೆದುರೇ ಕಾಣುತ್ತದೆ. ನಿಜವಾದ ಪ್ರಯೋಗದಲ್ಲಿ ಇದೊಂದು ಕಾಣಿಸುವುದಿಲ್ಲ.

ಬಳಸುವ ಕ್ರಮವೂ ಮುಖ್ಯ. ಸ್ವಿಚ್ ಒತ್ತುವ ಮುಂಚೆ "ಏನಾಕ್ಕೈತಿ ಹೇಳ್ರಿ" ಎಂದು ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಬರೆಯಿರಿ, ಆಮೇಲೆ ಒತ್ತಿ. ಊಹೆ ತಪ್ಪಿದ ಮಗು ಮುಂದಿನ ಮಾತನ್ನು ಕಿವಿಗೊಟ್ಟು ಕೇಳುತ್ತದೆ. ಹಾಗೆಂದು ನಿಜವಾದ ಬಲ್ಬು, ಸೆಲ್‌ಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಸಡಿಲವಾದ ತಂತಿ, ಸುಟ್ಟ ಬಲ್ಬುಗಳ ಅನುಭವ ಪರದೆಯಲ್ಲಿ ಸಿಗದು.

ಸಾಮಾನು ಕೊಳ್ಳಲು ದುಡ್ಡಿಲ್ಲದ ಶಾಲೆಗೆ ಅರವಿಂದ ಗುಪ್ತಾ ಅವರ ತಾಣ ಹೇಳಿಮಾಡಿಸಿದ್ದು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೆ ಬಾಟಲಿ, ಸ್ಟ್ರಾಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಚಿಕ್ಕ ವಿಡಿಯೊಗಳಲ್ಲಿ ತೋರಿಸುತ್ತಾರೆ. ಈ ಕೆಲಸಕ್ಕಾಗಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಮಾತು ಅರ್ಥವಾಗದಿದ್ದರೂ ಕೈ ನೋಡಿಯೇ ಮಾಡಬಹುದು.

ರೇಖಾಗಣಿತಕ್ಕೆ 'ಜಿಯೋಜೀಬ್ರಾ'. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರುಮಾಡಿದ ಈ ತಂತ್ರಾಂಶದಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಕದಲುವುದಿಲ್ಲ. ಹಲಗೆಯ ಮೇಲೆ ಬರೆದ ತ್ರಿಭುಜ ಎಷ್ಟು ಚೆನ್ನಾಗಿದ್ದರೂ ಅದು ಒಂದೇ ತ್ರಿಭುಜ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ಪ್ರಯೋಗಶಾಲೆಯ ಪಾಠಗಳಿಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ಅಮೃತಾ ವಿಶ್ವವಿದ್ಯಾಲಯ ಸೇರಿ ಮಾಡಿದ 'ಓಲ್ಯಾಬ್ಸ್' ಇದೆ, ಅದರಲ್ಲಿ ಮರಾಠಿಯೂ ಉಂಟು.

ಭಾಷೆ: ಒಂದು ಕಥೆ, ಮೂರು ಮನೆಮಾತು

ನಲಿಕಲಿ (ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆ) ಮುಗಿಸಿ ಬಂದ ಮಗು ಓದಲು ಕಲಿತಿರುತ್ತದೆ, ಓದಲು ಪುಸ್ತಕ ಇರುವುದಿಲ್ಲ. ಈ ಕೊರತೆಗೆ 'ಸ್ಟೋರಿವೀವರ್' ದೊಡ್ಡ ಆಸರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಈ ತಾಣದಲ್ಲಿ ಚಿತ್ರಕಥೆಗಳಿವೆ, ಕನ್ನಡದಲ್ಲೂ ಧಾರಾಳವಾಗಿವೆ. ಕಥೆಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಮೊದಲ ಮಟ್ಟದಲ್ಲಿ ಪುಟಕ್ಕೊಂದು ಚಿಕ್ಕ ವಾಕ್ಯ, ನಾಲ್ಕನೇ ಮಟ್ಟಕ್ಕೆ ಬರುವಷ್ಟರಲ್ಲಿ ಸರಾಗವಾಗಿ ಓದುವ ಮಗುವಿಗೆ ತಕ್ಕ ಉದ್ದದ ಕಥೆ. ತರಗತಿಯ ಸಂಖ್ಯೆ ನೋಡಿ ಮಟ್ಟ ಆರಿಸಬೇಡಿ. ಐದನೇ ತರಗತಿಯಲ್ಲಿ ಮೊದಲ ಮಟ್ಟದ ಮಕ್ಕಳೂ ಇರುತ್ತಾರೆ.

ನಮ್ಮ ಮೂರು ಜಿಲ್ಲೆಗಳಿಗೆ ಇದರ ಇನ್ನೊಂದು ಉಪಯೋಗವಿದೆ. ಗಡಿಯ ಶಾಲೆಗಳಲ್ಲಿ ಮನೆಮಾತು ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಎಷ್ಟೋ ಓಣಿಗಳಲ್ಲಿ ಉರ್ದು. ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಅದೇ ಚಿತ್ರಗಳೊಂದಿಗೆ ಹಲವು ಭಾಷೆಗಳಲ್ಲಿ ಇರುತ್ತದೆ. ಮರಾಠಿಯಲ್ಲಿ ಓದಿದ ಕಥೆಯನ್ನು ಮಗು ಮರುದಿನ ಕನ್ನಡದಲ್ಲಿ ಎತ್ತಿಕೊಂಡರೆ ಕಥೆ ಆಗಲೇ ಗೊತ್ತಿರುವುದರಿಂದ ಪದಗಳ ಮೇಲಷ್ಟೇ ಗಮನ ಹೋಗುತ್ತದೆ. ಲಂಬಾಣಿ ಮಾತಾಡುವ ತಾಯಿಯೊಬ್ಬರು ಅದೇ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಒಂದನೇ ತರಗತಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಯಾವ ತಾಣದಲ್ಲೂ ಸಿಕ್ಕಲಾರದು.

ದೊಡ್ಡ ಮಕ್ಕಳಿಗೆ 'ವಚನ ಸಂಚಯ'. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಒಂದೆಡೆ ಸೇರಿಸಿ, ಪದ ಕೊಟ್ಟು ಹುಡುಕುವಂತೆ ಮಾಡಿದ್ದಾರೆ. ವಿಜಯಪುರದಲ್ಲಿದ್ದುಕೊಂಡು ಊರೂರು ತಿರುಗಿ ತಾಡೋಲೆ ಕೂಡಿಸಿದ ಫ.ಗು. ಹಳಕಟ್ಟಿಯವರ ಜನ್ಮದಿನ ಜುಲೈ 2 ವಚನ ಸಾಹಿತ್ಯ ಸಂರಕ್ಷಣಾ ದಿನ. ಅಂದು ಭಾಷಣಕ್ಕೆ ಬದಲು ಈ ಕೆಲಸ ಕೊಡಬಹುದು: 'ನೀರು' ಎಂಬ ಪದವನ್ನು ಹುಡುಕಿ, ಮೂವರು ವಚನಕಾರರು ಅದನ್ನು ಮೂರು ಬಗೆಯಲ್ಲಿ ಹೇಗೆ ಬಳಸಿದ್ದಾರೆಂದು ಪಟ್ಟಿ ಮಾಡಿ. ಎಂಟನೇ ತರಗತಿಯ ಮಕ್ಕಳಿಂದಲೂ ಇದು ಆಗುತ್ತದೆ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಾದಾಗ ವಿ. ಕೃಷ್ಣ ಅವರ 'ಅಲರ್' ನಿಘಂಟು ಉಚಿತವಾಗಿ ಸಿಗುತ್ತದೆ.

ಸಮಾಜ ವಿಜ್ಞಾನ: ಮುಳುಗಡೆಯನ್ನು ಮೇಲಿನಿಂದ ನೋಡುವುದು

ಗೂಗಲ್ ಅರ್ಥ್‌ನಲ್ಲಿ 'ಟೈಮ್‌ಲ್ಯಾಪ್ಸ್' ಎಂಬ ಸೌಲಭ್ಯವಿದೆ. 1984ರಿಂದೀಚೆಗಿನ ಉಪಗ್ರಹ ಚಿತ್ರಗಳನ್ನು ವರ್ಷಕ್ಕೊಂದರಂತೆ ಜೋಡಿಸಿ ಓಡಿಸುತ್ತದೆ. ಅದನ್ನು ಬಾಗಲಕೋಟೆಯ ಮೇಲೆ ನಿಲ್ಲಿಸಿ. ಮೊದಮೊದಲು ಘಟಪ್ರಭೆ ತೆಳ್ಳನೆಯ ಗೆರೆ. ವರ್ಷಗಳು ಉರುಳಿದಂತೆ ಆಲಮಟ್ಟಿಯ ಹಿನ್ನೀರು ಹರಡಿಕೊಂಡು ಗೆರೆ ಅಗಲವಾಗುತ್ತದೆ, ಹೊಲಗಳು ಮಾಯವಾಗುತ್ತವೆ, ಇನ್ನೊಂದು ಕಡೆ ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಚೌಕ ಚೌಕ ಸೆಕ್ಟರ್‌ಗಳು ಏಳುತ್ತವೆ.

ನದಿ, ಅಣೆಕಟ್ಟು, ನೀರಾವರಿ, ಪುನರ್ವಸತಿ ಎಂಬ ನಾಲ್ಕು ಪಾಠಗಳು ಈ ಅರ್ಧ ನಿಮಿಷದಲ್ಲಿವೆ. "ನಮ್ಮ ಮನಿ ಎಲ್ಲಿತ್ತ?" ಎಂದು ಮಗು ಮನೆಗೆ ಹೋಗಿ ಅಜ್ಜನನ್ನು ಕೇಳಿದರೆ ಆ ಅಜ್ಜನೂ ಒಂದು ಆಕರವೇ. ಅದೇ ನೀರು ಕಾಲುವೆಯಾಗಿ ವಿಜಯಪುರದ ಕಡೆ ಹೋದ ಜಾಗವನ್ನೂ ತೋರಿಸಿ, ಇಲ್ಲವಾದರೆ ಕಥೆಯ ಅರ್ಧ ಭಾಗ ಮಾತ್ರ ಹೇಳಿದಂತಾಗುತ್ತದೆ. ಇಸ್ರೊದ 'ಭುವನ್' ತಾಣದಲ್ಲೂ ದೇಶದ ಉಪಗ್ರಹ ನಕ್ಷೆಗಳಿವೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲು, ಗೋಳಗುಮ್ಮಟದ ಚಿತ್ರಗಳು ಬೇಕಿದ್ದರೆ ವಿಕಿಮೀಡಿಯ ಕಾಮನ್ಸ್ ನೋಡಿ. ದೊಡ್ಡ ಗಾತ್ರದಲ್ಲಿ ಸಿಗುತ್ತವೆ, ಯಾರ ಹೆಸರು ಹಾಕಬೇಕೆಂಬುದು ಚಿತ್ರದ ಕೆಳಗೇ ಇರುತ್ತದೆ.

ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ

ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಬಂದಾಗಲೇ ಕೊಡ, ಬ್ಯಾರಲ್ ತುಂಬಿಸಿಟ್ಟುಕೊಳ್ಳುತ್ತೇವಲ್ಲ, ನೆಟ್‌ನ ಲೆಕ್ಕವೂ ಅದೇ. ನೆಟ್‌ನಿಂದ ನೇರವಾಗಿ ನೋಡುವುದು ನಲ್ಲಿಗೆ ಬಾಯಿಕೊಟ್ಟು ಕುಡಿದಂತೆ, ಡೌನ್‌ಲೋಡ್ ಎಂದರೆ ಕೊಡ ತುಂಬಿದಂತೆ. ತಾಲ್ಲೂಕು ಕೇಂದ್ರದಲ್ಲೋ ಮನೆಯಲ್ಲೋ ತುಂಬಿಕೊಂಡು ಶಾಲೆಗೆ ಹೋಗುವುದು ಜಾಣತನ.

ಯಾವುದನ್ನು ಹೇಗೆ ಇಳಿಸಿಕೊಳ್ಳಬೇಕು ಎಂಬುದರಲ್ಲಿ ವ್ಯತ್ಯಾಸವಿದೆ. ಫೆಟ್‌ನ ಬಹುತೇಕ ಸಿಮ್ಯುಲೇಶನ್‌ಗಳು ತಲಾ ಒಂದೇ ಚಿಕ್ಕ ಫೈಲ್ ಆಗಿ ಇಳಿಯುತ್ತವೆ, ಮುಂದೆ ನೆಟ್ ಇಲ್ಲದೆಯೂ ಕ್ರೋಮ್‌ನಂಥ ಬ್ರೌಸರ್‌ನಲ್ಲಿ ತೆರೆಯುತ್ತವೆ. ಸ್ಟೋರಿವೀವರ್ ಕಥೆಗಳು ಪಿಡಿಎಫ್ ಆಗಿ ಬರುತ್ತವೆ. ದೀಕ್ಷಾದಲ್ಲಿ ಇಳಿಸಿದ್ದು ಆ್ಯಪ್‌ನೊಳಗೆ ಉಳಿಯುತ್ತದೆ, ಅಲ್ಲಿಂದ ಇನ್ನೊಂದು ಫೋನಿನ ದೀಕ್ಷಾಕ್ಕೆ ಫೈಲ್ ಆಗಿ ದಾಟಿಸಬಹುದು. ಯೂಟ್ಯೂಬ್ ಹಾಗಲ್ಲ. ಅದರ ಆ್ಯಪ್‌ನಲ್ಲಿ ಉಳಿಸಿದ ವಿಡಿಯೊ ಆ ಆ್ಯಪ್‌ನಲ್ಲಷ್ಟೇ ಓಡುತ್ತದೆ, ಪೆನ್‌ಡ್ರೈವ್‌ಗೆ ಬಾರದು. ಬೇರೆ ಆ್ಯಪ್‌ಗಳಿಂದ ಎಳೆದುಕೊಳ್ಳುವುದು ಯೂಟ್ಯೂಬ್‌ನ ನಿಯಮಕ್ಕೆ ವಿರುದ್ಧ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಶಾಲೆಯ ಕಂಪ್ಯೂಟರಿನಲ್ಲಿ ಇಡಬಹುದು.

ಟಿವಿಯ ಬಗ್ಗೆ ಒಂದು ಮಾತು. ಪೆನ್‌ಡ್ರೈವ್ ಚುಚ್ಚಿದರೆ ವಿಡಿಯೊ, ಚಿತ್ರಗಳು ತೆರೆಯುತ್ತವೆ, ಸಿಮ್ಯುಲೇಶನ್ ತೆರೆಯುವುದು ಅನುಮಾನ. ಅದಕ್ಕೆ ಲ್ಯಾಪ್‌ಟಾಪ್ ಬೇಕು, ನಡುವೆ ಒಂದು ಎಚ್‌ಡಿಎಂಐ ಕೇಬಲ್ ಬೇಕು. ಟಿವಿ ಕೊಡಿಸುವ ದಾನಿಗಳಿಗೆ ಕೇಬಲ್‌ನ್ನೂ ಸೇರಿಸಿ ಕೇಳಿ.

ಮುದ್ರಿಸಿ ಹಂಚಬಹುದೇ?

ಅಂತರ್ಜಾಲದಲ್ಲಿ ಉಚಿತವಾಗಿ ಕಾಣುವುದೆಲ್ಲ ಮುಕ್ತವಲ್ಲ. ನೋಡಲು ದುಡ್ಡು ಕೇಳದಿದ್ದರೆ ಅದು ಉಚಿತ. ನಕಲು ಮಾಡಲು, ತಿದ್ದಲು, ಹಂಚಲು ಮಾಡಿದವರೇ ಮೊದಲೇ ಒಪ್ಪಿಗೆ ಬರೆದುಕೊಟ್ಟಿದ್ದರೆ ಅದು ಮುಕ್ತ. ಆ ಒಪ್ಪಿಗೆಪತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಕ್ರಿಯೇಟಿವ್ ಕಾಮನ್ಸ್'. ಅದರಲ್ಲಿ 'ಬಿವೈ' ಎಂದಿದ್ದರೆ ಮಾಡಿದವರ ಹೆಸರು ಹಾಕಿ ಬಳಸಿ ಎಂದರ್ಥ. 'ಎನ್‌ಸಿ' ಎಂದರೆ ವ್ಯಾಪಾರಕ್ಕಲ್ಲ, 'ಎನ್‌ಡಿ' ಎಂದರೆ ಬದಲಿಸುವಂತಿಲ್ಲ, 'ಎಸ್‌ಎ' ಎಂದರೆ ನೀವು ಬದಲಿಸಿ ಹೊರತಂದದ್ದನ್ನೂ ಇದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಸ್ಟೋರಿವೀವರ್ ಕಥೆಗಳು ಬಿವೈ ಗುಂಪಿನವು. ಮುದ್ರಿಸಬಹುದು, ನಮ್ಮ ಕಡೆಯ ಮಾತಿಗೆ ತಿರುಗಿಸಲೂಬಹುದು.

ಮುಕ್ತವಲ್ಲದ್ದರ ವಿಷಯದಲ್ಲೂ ಶಿಕ್ಷಕರಿಗೆ ಕಾನೂನು ಕೊಂಚ ಜಾಗ ಬಿಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಬೋಧನೆಯ ಅಂಗವಾಗಿ ಶಿಕ್ಷಕರೋ ವಿದ್ಯಾರ್ಥಿಯೋ ಮಾಡಿಕೊಂಡ ನಕಲು ಉಲ್ಲಂಘನೆಯಲ್ಲ. ಪುಸ್ತಕದ ಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದುದರ ವಿರುದ್ಧ ಪ್ರಕಾಶಕರು ಹೂಡಿದ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ಕಲಮಿಗೆ ವಿಶಾಲವಾದ ಅರ್ಥವನ್ನೇ ಕೊಟ್ಟಿತು. ತರಗತಿಯೊಳಗೆ ತೋರಿಸಿದ ಅದೇ ಸಾಮಗ್ರಿಯನ್ನು ನಿಮ್ಮ ಯೂಟ್ಯೂಬ್ ಚಾನೆಲ್‌ಗೆ ಏರಿಸುವುದು ಮಾತ್ರ ಬೇರೆಯೇ ವಿಷಯ, ಆಗ ಅನುಮತಿ ಬೇಕಾಗುತ್ತದೆ.

ನುಡಿಯಲ್ಲಿ ಬರೆದದ್ದು ಫೋನಿನಲ್ಲಿ ಗೀಚಾಗುವುದೇಕೆ?

ನೀವೇ ತಯಾರಿಸಿದ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರಿಗೆ ಕಳಿಸಿದಾಗ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಕಾರಣ ಇದು. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಆ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ಲೋಕದ ಭಾಷೆಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. 'ಕ' ಅಕ್ಷರದ ಸಂಖ್ಯೆ 3221, ಲೋಕದ ಯಾವ ಸಾಧನದಲ್ಲೂ ಅದೇ. ಹಳೆಯ ಫೈಲುಗಳನ್ನು ಬದಲಾಯಿಸಿಕೊಡುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಾಡಿಸಿ ತಿದ್ದಿಕೊಳ್ಳಿ. ಹೊಸದಾಗಿ ಬರೆಯುವುದನ್ನು ಯೂನಿಕೋಡ್‌ನಲ್ಲೇ ಬರೆದರೆ ಈ ಕಾಟವೇ ಇಲ್ಲ.

ಎಐ ಕೊಟ್ಟದ್ದನ್ನು ನಂಬಬಹುದೇ?

ಚಾಟ್‌ಜಿಪಿಟಿಯಂಥ ಎಐ (ಕೃತಕ ಬುದ್ಧಿಮತ್ತೆ) ಸಾಧನಗಳನ್ನು ಶಿಕ್ಷಕರು ಬಳಸತೊಡಗಿದ್ದಾರೆ. ಒಂದೇ ಲೆಕ್ಕವನ್ನು ಹತ್ತು ಬಗೆಯಲ್ಲಿ ಬರೆಸಿಕೊಳ್ಳಲು, ಇಂಗ್ಲಿಷ್ ಟಿಪ್ಪಣಿಯನ್ನು ಸರಳ ಮಾಡಿಸಲು ಅವು ನೆರವಾಗುತ್ತವೆ. ಆದರೆ ಅವು ಪುಸ್ತಕ ತೆರೆದು ನೋಡಿ ಹೇಳುವ ಯಂತ್ರಗಳಲ್ಲ. ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಅಂದಾಜಿನ ಮೇಲೆ ವಾಕ್ಯ ಹೆಣೆಯುತ್ತವೆ. ಹಾಗಾಗಿ ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ನಿಸ್ಸಂಕೋಚವಾಗಿ ಹೇಳುತ್ತವೆ.

ಪರಿಸರದ ಬಗ್ಗೆ ಒಂದು ವಚನ ಕೊಡು ಎಂದರೆ ಕೊಟ್ಟುಬಿಡುತ್ತದೆ. ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವೂ ಇರುತ್ತದೆ. ಅದು ಬಸವಣ್ಣನವರದೇ ಎಂದು ಖಾತ್ರಿಯಾಗುವುದು ಆ ಅಂಕಿತದಿಂದಲ್ಲ. ಸಾಲಿನಲ್ಲಿರುವ ಒಂದೆರಡು ಅಪರೂಪದ ಪದಗಳನ್ನು ವಚನ ಸಂಚಯದಲ್ಲಿ ಹುಡುಕಿ. ಹಳೆಯ ಕಾಗುಣಿತ ಬೇರೆ ಇರಬಹುದು, ಆದ್ದರಿಂದ ಬೇರೆ ಬೇರೆ ಪದ ಕೊಟ್ಟು ನೋಡಿ. ಆಗಲೂ ಸಿಗದಿದ್ದರೆ ಅದನ್ನು ಹಲಗೆಯ ಮೇಲೆ ಬರೆಯಬೇಡಿ.